ಎರಡನೆಯ ಸೀನಿನ ಬಾಬ್ತು

॥ ಶ್ರೀ ರಂಗನಾಥಸ್ವಾಮಿ ಪ್ರಸನ್ನ ॥

ಸ್ವಭಾನು ಸಂವತ್ಸರ, ಕಾರ್ತೀಕ ಶುದ್ಧ ಪಂಚಮಿ

ಇಂದ,
ಶ್ರೀರಂಗಯ್ಯ, ನಿವೃತ್ತ ಗುಮಾಸ್ತ,
ಮಾವಿನಹಟ್ಟಿ, ಚಿಕ್ಕನಾಯಕನಹಳ್ಳಿ ತಾಲ್ಲೂಕು.
(ಇನ್ನು ಮುಂದೆ ಈತನನ್ನು ‘ಅರ್ಜಿದಾರ’ ಎಂದು ಕರೆಯಲಾಗುವುದು.)

ಗೆ,
ಮಾನ್ಯ ಪಿತ್ತಜನಕಾಂಗದವರು,
ಬಲಪಕ್ಕೆಲುಬಿನ ಕೆಳಗಿನ ಕಚೇರಿ,
ಅರ್ಜಿದಾರನ ಹೊಟ್ಟೆ.

ಮುಖಾಂತರ: ಬಾಯಿ. (ತಮಗೆ ಬರುವುದೆಲ್ಲ ಆ ದಾರಿಯಲ್ಲೇ ಬರುವುದರಿಂದ.)

ವಿಷಯ: ಅರ್ಜಿದಾರನ ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ಪದಾರ್ಥವನ್ನು ತಾತ್ಕಾಲಿಕವಾಗಿ ಹೆಚ್ಚಿಸಿ, ಆ ಮೂಲಕ ಆತನ ಸೀನನ್ನು ನಿಲ್ಲಿಸಿಕೊಡಬೇಕೆಂದು ಕೋರಿದ್ದ ಮನವಿಯನ್ನು ವಾಪಸು ಪಡೆಯುವ ಬಗ್ಗೆ.

ಉಲ್ಲೇಖ: (೧) ದೀಪಾವಳಿಯ ಅಮಾವಾಸ್ಯೆಯ ಪೂಜೆ ಮುಗಿದ ಕೂಡಲೇ ಅರ್ಜಿದಾರನು ದೇವರ ಮನೆಯಲ್ಲಿ ಕುಳಿತು ಸಲ್ಲಿಸಿದ ಬಾಯಿಮಾತಿನ ಮನವಿ.
(೨) ಸದರಿ ಮನವಿಗೆ ತಮ್ಮ ಕಚೇರಿಯಿಂದ ಅರ್ಜಿದಾರನ ಎರಡೂ ಕಣ್ಣುಗಳಲ್ಲಿ ಹಳದಿ ಬಣ್ಣದಲ್ಲಿ ಬಂದ ಉತ್ತರ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಮ್ಮಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಅರ್ಜಿದಾರನ ಮೂಗು ತೆಂಗಿನ ಸೀಮೆಯ ಮೂಗು. ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು ಗಡಗಡ ಎನ್ನುವವರೆಗೆ ಕಾಯುವ ಮನೆಯಲ್ಲಿ ಅವನು ಹುಟ್ಟಿದವನು, ಆ ಅಟ್ಟದ ಕೆಳಗೇ ಮಲಗಿ ಬೆಳೆದವನು. ಒಣಗಿದ ಸಿಪ್ಪೆಯ ಧೂಳು ಅವನ ಮೂಗಿಗೆ ಆಗುವುದಿಲ್ಲ. ಬೆಳಿಗ್ಗೆ ಎದ್ದರೆ ಸೀನು, ಅಟ್ಟಕ್ಕೆ ಏಣಿ ಹಾಕಿದರೆ ಸೀನು, ಪಕ್ಕದ ಮನೆಯವರು ತಮ್ಮ ಅಟ್ಟಕ್ಕೆ ಏಣಿ ಹಾಕಿದರೂ ಸೀನು. ಬೇರೆಯವರಿಗೆ ಈ ಕಾಯಿಲೆಯಲ್ಲಿ ಸೀನು ಸಾಲಾಗಿ ಬರುತ್ತದಂತೆ. ಅರ್ಜಿದಾರನಿಗೆ ಬರುವುದು ಒಂದೇ. ಅದು ಬಂದು, ಗೂಟದಲ್ಲಿ ಕಟ್ಟಿದ ಎಮ್ಮೆ ಕಿವಿ ನಿಮಿರಿಸುವಂತೆ ಮಾಡಿ, ಅಲ್ಲಿಗೆ ನಿಂತುಬಿಡುತ್ತದೆ.

೨. ಒಂಟಿ ಸೀನು ಎಂದರೆ ಏನೆಂಬುದು ಹೊಟ್ಟೆಯೊಳಗೇ ಇರುವ ತಮಗೆ ತಿಳಿಯದಿರಬಹುದಾದ ಕಾರಣ ಇಲ್ಲಿ ನಮೂದಿಸಲಾಗಿದೆ. ಹೊರಡುವ ಹೊತ್ತಿಗೆ ಒಂಟಿ ಸೀನು ಬಂದರೆ ಹೋಗುವ ಕೆಲಸ ಆಗುವುದಿಲ್ಲ. ಎಲೆ ಅಡಿಕೆ ಬದಲಾಯಿಸುವ ಹೊತ್ತಿಗೆ ಬಂದರೆ ಸಂಬಂಧ ಕೂಡುವುದಿಲ್ಲ. ಹೊರಟವನು ಒಳಗೆ ಬಂದು ಕೂತು, ನೀರು ಕುಡಿದು, ದೇವರನ್ನು ನೆನೆದು ಮತ್ತೆ ಹೊರಡಬೇಕು. ಆದರೆ ಆ ಸೀನಿನ ಹಿಂದೆಯೇ ಇನ್ನೊಂದು ಸೀನು ಬಿದ್ದರೆ ಯಾವ ದೋಷವೂ ಇಲ್ಲ. ಎರಡನೆಯದನ್ನು ಮೊದಲನೆಯವನೇ ಸೀನಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಈ ಸಡಿಲಿಕೆಯನ್ನು ಕಂಡುಹಿಡಿದವಳು ಅರ್ಜಿದಾರನ ಹೆಂಡತಿ ಭೈರಮ್ಮ.

೩. ಅರ್ಜಿದಾರನು ಕಚೇರಿಗೆ ಹೊರಟು ಹೊಸಿಲು ದಾಟುವಾಗ ಸೀನುವನು. ಒಳಗಿನಿಂದ ಭೈರಮ್ಮನ ಸೀನು ಬರುವುದು. ಬೆಕ್ಕು ಸೀನಿದ ಹಾಗೆ, ಸಣ್ಣಗೆ. ಅವನು ಮುಂದಕ್ಕೆ ನಡೆಯುವನು. ಕೊಬ್ಬರಿ ಚೀಲ ಹೇರಿಕೊಂಡು ತಿಪಟೂರಿನ ಮಾರುಕಟ್ಟೆಗೆ ಹೊರಡುವ ದಿನವೂ ಹೀಗೆಯೇ. ಲಗೇಜು ಆಟೊದ ನವಾಜನು ಎರಡನೆಯ ಸೀನು ಕಿವಿಗೆ ಬೀಳುವವರೆಗೆ ಗಾಡಿಗೆ ಕೀಲಿ ತಿರುಗಿಸುತ್ತಿರಲಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಒಂದೇ ಕಾಯಿಲೆ ಇದೆಯೆಂದು ಅರ್ಜಿದಾರನು ನಂಬಿದ್ದನು. ಪಾಪ, ನನ್ನ ಜೊತೆ ಸೇರಿ ಇವಳಿಗೂ ಹತ್ತಿಕೊಂಡಿತಲ್ಲ ಎಂದು ಆಕೆಯ ಮೇಲೆ ಕನಿಕರವನ್ನೂ ಪಟ್ಟಿದ್ದನು.

೪. ಇನ್ನು ತಮ್ಮ ಕಚೇರಿಯ ವಿಚಾರ. ಅರ್ಜಿದಾರನು ಏಕಾದಶಿಯ ಉಪವಾಸವನ್ನು ತಪ್ಪಿಸಿದವನಲ್ಲ. ಉಪವಾಸದ ಮಾರನೆಯ ಬೆಳಿಗ್ಗೆ ಅವನ ಕಣ್ಣಿನ ಬಿಳಿಯಲ್ಲಿ ಅರಿಶಿನದ ನೀರು ಹಾಯಿಸಿದಂಥ ಬಣ್ಣ ಕಾಣುವುದನ್ನು ಭೈರಮ್ಮ ಗುರುತಿಸಿದಳು. ಕಾಮಾಲೆಯೆಂದು ಹೆದರಿ ನೆಲನೆಲ್ಲಿ ಅರೆದು ಕುಡಿಸಿದಳು, ಉಪ್ಪು ಬಿಡಿಸಿದಳು. ದ್ವಾದಶಿಯ ಊಟವಾದ ಮೇಲೆ ಬಣ್ಣ ತಾನಾಗಿಯೇ ಹೋಗುವುದು, ಮುಂದಿನ ಏಕಾದಶಿಗೆ ಮತ್ತೆ ಬರುವುದು. ಕೊನೆಗೆ ಆಕೆ ಅವನನ್ನು ಬಸ್ಸಿಗೆ ಹತ್ತಿಸಿ ತಿಪಟೂರಿಗೆ ಕರೆದೊಯ್ದಳು. ಅರ್ಜಿದಾರನ ಅಂಗಿಗಳನ್ನು ಹೊಲಿಯುತ್ತಿದ್ದ ಟೈಲರ್ ಗಯಾಜ್ ಸಾಹೇಬರ ಮಗ ವಾಸಿಫ್ ಅಲ್ಲಿ ಡಾಕ್ಟರಾಗಿದ್ದರು. ಅವರು ಉಂಡ ದಿನ ಒಮ್ಮೆ, ಉಪವಾಸದ ದಿನ ಒಮ್ಮೆ ರಕ್ತ ತೆಗೆಸಿ ನೋಡಿ ನಕ್ಕರು.

ಅವರು ತಿಳಿಸಿದ್ದೇನೆಂದರೆ: ಮುದಿಯಾದ ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ಪದಾರ್ಥ ಹುಟ್ಟುತ್ತದೆ. ಅದನ್ನು ಪಡೆದು, ಪರಿಶೀಲಿಸಿ, ಹೊರಗೆ ಸಾಗಹಾಕುವುದು ತಮ್ಮ ಕಚೇರಿಯ ಕೆಲಸ. ಕೆಲವರ ಪಿತ್ತಜನಕಾಂಗ ಹುಟ್ಟಿನಿಂದಲೇ ಈ ವಿಲೇವಾರಿಯಲ್ಲಿ ಸ್ವಲ್ಪ ನಿಧಾನ, ಹೊಟ್ಟೆಗೆ ಬೀಳದ ದಿನ ಇನ್ನೂ ನಿಧಾನ. ಇದು ಕಾಯಿಲೆಯಲ್ಲ, ಹೆದರಬೇಕಾಗಿಲ್ಲ. ಇದನ್ನು ಕೇಳಿ ಅರ್ಜಿದಾರನಿಗೆ ತಮ್ಮ ಮೇಲೆ ಬೇಸರವಾಗಲಿಲ್ಲ, ಬಂಧುತ್ವ ಹುಟ್ಟಿತು. ಅವನೂ ಮೇಜಿನ ಮೇಲೆ ಕಡತ ಗುಡ್ಡೆ ಹಾಕಿಕೊಂಡು ಕೂತವನೇ. ಊಟಕ್ಕೆ ಮುಂಚೆ ಬಂದವರ ಕೆಲಸ ಅವನ ಕಚೇರಿಯಲ್ಲಿಯೂ ಆಗುತ್ತಿರಲಿಲ್ಲ.

೫. ಅದೇ ಕೋಣೆಯಲ್ಲಿ ಭೈರಮ್ಮ ಇನ್ನೊಂದು ಮಾತು ಎತ್ತಿದಳು. ಕಣ್ಣು ಹಳದಿಯಾದ ದಿನ ಇವರು ಸೀನುವುದಿಲ್ಲ, ಇವರ ಜೊತೆ ಮೂಗೂ ಏಕಾದಶಿ ಮಾಡುತ್ತದೆ ಎಂದಳು. ಡಾಕ್ಟರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೂತರು. ಬಿಲಿರುಬಿನ್ ಬರೀ ಕಸವಲ್ಲ, ಅದಕ್ಕೆ ಉರಿಯೂತವನ್ನು ತಣಿಸುವ ಗುಣವೂ ಇರಬಹುದೆಂದು ಕೆಲವರು ಬರೆದಿದ್ದಾರೆ, ಅಲರ್ಜಿಯ ಮೂಗಿನ ಮೇಲೂ ಅದರ ಕೈ ಇದ್ದರೆ ಆಶ್ಚರ್ಯವಿಲ್ಲ, ಆದರೆ ಒಂದು ಮೂಗನ್ನು ನೋಡಿ ಇದನ್ನು ಹೇಳಲಾಗುವುದಿಲ್ಲ ಎಂದರು. ಆಮೇಲೆ ಆಕೆಯ ಕಡೆ ತಿರುಗಿ, “ಅಮ್ಮಾ, ನಿಮಗೂ ಸೀನು ಇದೆಯಾ?” ಎಂದು ಕೇಳಿದರು.

“ನಂಗ್ಯಾಕೆ ಬತ್ತದೆ ಸ್ವಾಮಿ? ಇವರದು ಒಂಟಿ ಬತ್ತದೆ. ನಾನು ಜೊತೆ ಮಾಡ್ತೀನಿ” ಎಂದಳು ಭೈರಮ್ಮ.

ಸೆರಗಿನ ತುದಿಯನ್ನು ದೀಪದ ಬತ್ತಿಯ ಹಾಗೆ ಹೊಸೆದು ಮೂಗಿಗೆ ಹಾಕಿಕೊಂಡು ಸೀನುವ ಕ್ರಮವನ್ನು ಆಕೆ ಡಾಕ್ಟರಿಗೆ ಅಲ್ಲಿಯೇ ಮಾಡಿ ತೋರಿಸಿದಳು. ಬಸ್ಸಿನಲ್ಲಿ ಹಿಂದಿರುಗುವಾಗ ಅರ್ಜಿದಾರನು ಬಹಳ ದೂರದವರೆಗೆ ಟಿಕೆಟ್ಟನ್ನು ಮಡಿಸುತ್ತ, ಬಿಚ್ಚುತ್ತ ಕೂತಿದ್ದನು. ಕಡೆಗೆ, ಇಷ್ಟು ವರ್ಷವೂ ಸುಳ್ಳು ಸೀನೇ ಎಂದು ಕೇಳಿದನು. ಆಕೆ ಕಿಟಕಿಯ ಹೊರಗೆ ನೋಡುತ್ತ, “ಇಷ್ಟು ವರ್ಸ ಗೊತ್ತಾಗ್ನಿಲ್ವಾ ನಿಮಗೆ? ಅದೆಂಗೆ ಕಚೇರಿ ಮಾಡುದ್ರೋ ಕಾಣೆ” ಎಂದಳು.

೬. ಹೋದ ವರ್ಷ ಶ್ರಾವಣದಲ್ಲಿ ಭೈರಮ್ಮ ತೀರಿಕೊಂಡಳು. ಎದೆ ನೋವೆಂದಳು, ತುಳಸಿ ನೀರು ಕೇಳಿದಳು, ಹೋದಳು. ಸ್ವಾಮಿ ಕೊಟ್ಟಿದ್ದನು, ಕರೆದುಕೊಂಡನು. ಅದರ ಬಗ್ಗೆ ಅರ್ಜಿದಾರನು ಯಾವ ಕಚೇರಿಗೂ ತಕರಾರು ಸಲ್ಲಿಸಿಲ್ಲ. ಕರ್ಮಾಂತರಗಳೆಲ್ಲ ಮುಗಿದ ಮೇಲೆ ಬಂದ ಮೊದಲ ಮಾರುಕಟ್ಟೆಯ ದಿನ ಅವನು ಆಟೊ ಹತ್ತುವಾಗ ಸೀನಿದನು. ನವಾಜನು ಕೀಲಿಯ ಮೇಲೆ ಕೈಯಿಟ್ಟುಕೊಂಡು ಕಾದನು. ಅರ್ಜಿದಾರನೂ ಕಾದನು. ಬಹಳ ಹೊತ್ತಿನ ಮೇಲೆ ನವಾಜನು ಇಳಿದು ಬಂದು, “ಒಳಗೋಗಿ ಒಂಚೂರು ನೀರು ಕುಡ್ಕೊಂಡು ಬನ್ನಿ ಯಜಮಾನ್ರೇ” ಎಂದನು. ಅಂದಿನಿಂದ ಅರ್ಜಿದಾರನು ಮಾರುಕಟ್ಟೆಯ ದಿನ ನೀರು ಕುಡಿದೇ ಹೋಗುತ್ತಿದ್ದಾನೆ.

೭. ಹೀಗಿರುವಾಗ ಮೊಮ್ಮಗಳು ಆಶಾಳಿಗೆ ದಂಡಿನಶಿವರದಿಂದ ಸಂಬಂಧ ಬಂತು. ಹುಡುಗನ ಹೆಸರು ರಂಗನಾಥ್. ತಿಪಟೂರಿನ ಕಾಲೇಜಿಗೆ ಹೋಗುವಾಗ ಇಬ್ಬರೂ ಒಂದೇ ಬಸ್‌ಸ್ಟಾಂಡಿನಲ್ಲಿ ಇಳಿಯುತ್ತಿದ್ದರೆಂಬುದನ್ನು ಮನೆಯವರೆಲ್ಲ ಬಲ್ಲರು, ಯಾರಿಗೂ ಗೊತ್ತಿಲ್ಲವೆಂದು ಆಶಾ ಒಬ್ಬಳೇ ಬಲ್ಲಳು. ಹುಡುಗನ ಮನೆಯಲ್ಲಿ ಮಾತು ನಡೆಯುವುದು ಅವನ ಅಜ್ಜಿ ಮರಿಯಮ್ಮನವರದು. ಮಹಾಲಯ ಕಳೆದ ಮೇಲೆ ಅವರು ಬಂದರು, ಹೆಣ್ಣು ನೋಡಿದರು, ಮೆಚ್ಚಿದರು. ಎಲೆ ಅಡಿಕೆ ತಟ್ಟೆಗೆ ಅವರು ಕೈ ಚಾಚಿದಾಗ ಅರ್ಜಿದಾರನು ಸೀನಿದನು.

ಮರಿಯಮ್ಮನವರು ಚಾಚಿದ ಕೈಯನ್ನು ಹಾಗೆಯೇ ನಿಲ್ಲಿಸಿದರು. ಹಜಾರದಲ್ಲಿ ಕೂತವರೆಲ್ಲ ತಟ್ಟೆಯನ್ನೇ ನೋಡಿದರು. ಅರ್ಜಿದಾರನ ಕಣ್ಣು ರೂಢಿಯಂತೆ ಅಡುಗೆ ಮನೆಯ ಬಾಗಿಲಿಗೆ ಹೋಯಿತು. ಅಲ್ಲಿ ಯಾರೂ ಸೀನಲಿಲ್ಲ. ಸ್ವಲ್ಪ ಹೊತ್ತು ನೋಡಿ ಮರಿಯಮ್ಮನವರು ಕೈ ಹಿಂದಕ್ಕೆ ತೆಗೆದುಕೊಂಡು, “ಇವತ್ತು ಬ್ಯಾಡ ಬುಡಿ. ಹಬ್ಬ ಆಗ್ಲಿ, ಇನ್ನೊಂದು ಸಲ ನೋಡನ” ಎಂದು ಎದ್ದರು.

ಆಶಾ ಅಜ್ಜನನ್ನು ಒಂದು ಮಾತೂ ಅನ್ನಲಿಲ್ಲ. ಮಾರನೆಯ ಬೆಳಿಗ್ಗೆ ಅವನ ಕಾಫಿಗೆ ಸಕ್ಕರೆ ಹಾಕುವುದನ್ನು ಮರೆತಳು. ಅವನು ಅದನ್ನು ಹಾಗೆಯೇ ಕುಡಿದನು.

೮. ಆದ್ದರಿಂದ ಅರ್ಜಿದಾರನು ಉಲ್ಲೇಖ ಒಂದರಂತೆ ತಮಗೆ ಮನವಿ ಸಲ್ಲಿಸಿದನು. ಅವರು ಎರಡನೆಯ ಸಲ ಬರುವ ದಿನ ತದಿಗೆಯೆಂದು ನಿಶ್ಚಯವಾಗಿತ್ತು. ಅದಕ್ಕೆ ಹಿಂದಿನ ಎರಡು ದಿನ ಅವನು ಬರೀ ನೀರು ಕುಡಿದು, ತಮಗೆ ಯಾವ ಕೆಲಸವನ್ನೂ ಕೊಡದೆ, ವಿಲೇವಾರಿಯನ್ನು ಆದಷ್ಟು ತಡಮಾಡಬೇಕೆಂದು ಕೋರಿಕೊಂಡನು. ಹರಿಗೆಂದು ಮಾಡುವ ಉಪವಾಸವನ್ನು ಮೂಗಿಗೆಂದು ಮಾಡುತ್ತಿದ್ದೇನಲ್ಲ ಎಂಬ ಅಳುಕು ಇತ್ತು. ದೀಪ ಹಚ್ಚುವಾಗ ಅದನ್ನು ಸ್ವಾಮಿಗೆ ಮುಂಚಿತವಾಗಿಯೇ ತಿಳಿಸಿ, ಈ ಎರಡು ದಿನವನ್ನು ಪುಣ್ಯದ ಲೆಕ್ಕಕ್ಕೆ ಹಿಡಿಯಬೇಡವೆಂದು ಕೇಳಿಕೊಂಡನು. ಊಟಕ್ಕೆ ಕರೆದ ಸೊಸೆಗೆ, ತನ್ನ ಹೊಟ್ಟೆ ಸರಿಯಿಲ್ಲವೆಂದನು. ತಾವು ಮಾನಹಾನಿಯೆಂದು ಭಾವಿಸಬಾರದು.

ತಾವು ಕೋರಿಕೆಯನ್ನು ಪೂರ್ತಿಯಾಗಿ ನಡೆಸಿಕೊಟ್ಟಿರಿ. ತದಿಗೆಯ ಬೆಳಿಗ್ಗೆ ಕನ್ನಡಿಯಲ್ಲಿ ಕಣ್ಣುಗಳು ಚೆಂಡು ಹೂವಿನಂತಿದ್ದವು. ಮೂಗು ಮೌನವಾಗಿತ್ತು. ಅರ್ಜಿದಾರನು ಗೆದ್ದೆನೆಂದುಕೊಂಡು ಬಿಳಿ ಪಂಚೆ ಉಟ್ಟು ಜಗಲಿಯ ಮೇಲೆ ಕೂತನು.

೯. ಮರಿಯಮ್ಮನವರು ಮೊಮ್ಮಗನೊಂದಿಗೆ ಬಂದರು. ಕೈ ಮುಗಿದರು. ಮುಗಿದ ಕೈಯನ್ನು ಇಳಿಸದೆ ಅವನ ಮುಖವನ್ನೇ ದಿಟ್ಟಿಸಿದರು.

“ಇದೇನ್ರೀ ಯಜಮಾನ್ರೇ, ಕಣ್ಣು ಹಿಂಗಾಗವೆ? ಕಾಮಾಲೆಯಾ? ನಿಮ್ಮ ಮನೆತನದಾಗೆ ಐತೇನು?”

ಸೀನಿನಿಂದ ಸಂಬಂಧ ತಪ್ಪಿದರೆ ಇನ್ನೊಂದು ಮುಹೂರ್ತವಿದೆ. ಮನೆತನದ ಕಾಯಿಲೆಯೆಂದರೆ ಯಾವ ಮುಹೂರ್ತವೂ ಇಲ್ಲ. ಇದನ್ನು ತಮ್ಮ ಕಚೇರಿಯಾಗಲಿ ಅರ್ಜಿದಾರನಾಗಲಿ ಮೊದಲೇ ಯೋಚಿಸಿರಲಿಲ್ಲ. ಕಾಯಿಲೆಯಲ್ಲ, ಉಪವಾಸದಿಂದ ಬಂದದ್ದು ಎಂದು ಅವನು ಹೇಳಿದನು.

“ಯಾವ ಏಕಾದಸಿನ್ರೀ ಇದು, ತದಿಗೆ ದಿವ್ಸ?”

ಅರ್ಜಿದಾರನಿಗೆ ಸುಳ್ಳು ಹೇಳಿ ರೂಢಿಯಿಲ್ಲ. ನಿಜವನ್ನು ತಡವಾಗಿ ಹೇಳುವುದಷ್ಟೇ ನೌಕರಿಯಲ್ಲಿ ಅಭ್ಯಾಸವಾಗಿತ್ತು. ಮರಿಯಮ್ಮನವರು ತಮ್ಮ ಮಗ್ಗುಲಲ್ಲೇ ಅವನಿಗೆ ಎಲೆ ಹಾಕಿಸಿದರು. ಉಂಡರೆ ಕಣ್ಣು ಬೆಳ್ಳಗಾಗುವುದೋ ನೋಡೋಣ, ಯಜಮಾನ ಉಣ್ಣದ ಮನೆಯಲ್ಲಿ ತಾನೂ ಕೈ ತೊಳೆಯುವುದಿಲ್ಲ ಎಂದರು. ಅರ್ಜಿದಾರನು ಮೊದಲು ಒಂದು ಕಾಯಿಹೋಳಿಗೆಯನ್ನು ಭಯದಿಂದಲೂ, ಆಮೇಲೆ ಮೂರನ್ನು ಹಸಿವಿನಿಂದಲೂ ತಿಂದನು. ಇದರಲ್ಲಿ ತಮ್ಮ ತಪ್ಪೇನೂ ಇಲ್ಲ. ಕೆಲಸ ಬಂದ ಮೇಲೆ ತಾವು ಮಾಡಲೇಬೇಕು.

೧೦. ಊಟವಾದ ಮೇಲೆ ಹುಡುಗನಿಗೆ ಅಟ್ಟ ತೋರಿಸುವುದು ಅರ್ಜಿದಾರನ ಮನೆಯ ಪದ್ಧತಿ. ಹೆಣ್ಣನ್ನು ಅವರು ನೋಡಿದ ಮೇಲೆ, ಹುಡುಗನ ಕಿವಿಯನ್ನು ಇವರು ನೋಡುತ್ತಾರೆ. ರಂಗನಾಥ್ ಏಣಿ ಹತ್ತಿ, ಒಂದು ಕಾಯಿಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಇದು ಇನ್ನೂ ಒಣಗಬೇಕು ಎಂದನು. ಸರಿಯಾಗಿಯೇ ಹೇಳಿದನು. ಆದರೆ ಆ ಕಾಯಿಯ ಸಿಪ್ಪೆಯಲ್ಲಿ ವರ್ಷದ ಧೂಳಿತ್ತು, ಅಟ್ಟದ ಹಲಗೆಗಳಲ್ಲಿ ಸಂದುಗಳಿದ್ದವು, ಸಂದಿನ ಕೆಳಗೆ ಅರ್ಜಿದಾರನಿದ್ದನು.

ನಾಲ್ಕು ಹೋಳಿಗೆಯಿಂದ ಬಿಲಿರುಬಿನ್ ಅಷ್ಟು ಬೇಗ ಇಳಿಯಲಾರದು, ಧೂಳೇ ಹೆಚ್ಚಾಗಿರಬೇಕು ಎಂದು ವಾಸಿಫ್ ಡಾಕ್ಟರು ಆಮೇಲೆ ಫೋನಿನಲ್ಲಿ ಅಭಿಪ್ರಾಯಪಟ್ಟರು. ಹೇಗೇ ಇರಲಿ, ಅರ್ಜಿದಾರನು ಸೀನಿದನು. ಆಗ ಮರಿಯಮ್ಮನವರ ಕೈ ಎಲೆ ಅಡಿಕೆ ತಟ್ಟೆಯ ಮೇಲಿತ್ತು.

ಆ ಕೈ ಮತ್ತೆ ನಿಂತಿತು. ಅರ್ಜಿದಾರನ ಕಣ್ಣು ಮತ್ತೆ ಅದೇ ಬಾಗಿಲಿಗೆ ಹೋಯಿತು. ಹೋಗಬಾರದೆಂದುಕೊಂಡರೂ ಹೋಯಿತು.

ಒಳಗಿನಿಂದ ಸೀನು ಬಂತು. ಬೆಕ್ಕು ಸೀನಿದ ಹಾಗೆ, ಸಣ್ಣಗೆ.

ಒಂದು ಗಳಿಗೆ ಅರ್ಜಿದಾರನಿಗೆ ಶ್ರಾವಣವೂ ಮರೆತುಹೋಯಿತು, ವರ್ಷವೂ ಮರೆತುಹೋಯಿತು. ಆಮೇಲೆ ಬಾಗಿಲಲ್ಲಿ ಆಶಾ ಕಾಣಿಸಿದಳು. ಸೆರಗಿನ ತುದಿ ಇನ್ನೂ ಬೆರಳಲ್ಲಿ ಹೊಸೆದುಕೊಂಡೇ ಇತ್ತು, ಎರಡೂ ಕಣ್ಣಲ್ಲಿ ನೀರಿಳಿಯುತ್ತಿತ್ತು.

ಮರಿಯಮ್ಮನವರು ಅವಳನ್ನು ಹತ್ತಿರ ಕರೆದರು. “ಅದು ನಿಜವಾದ ಸೀನಲ್ಲ” ಎಂದರು.

“ಅಲ್ಲ ಅಜ್ಜಿ.”

“ಬತ್ತಿ ಇನ್ನೂ ಸಣ್ಣಕೆ ಹೊಸೀಬೇಕು ಕಣೇ. ಆಗ ಕಣ್ಣಾಗೆ ನೀರು ಬರಾಕಿಲ್ಲ.” ಹಾಗೆಂದು ಸೆರಗಿನ ತುದಿಯನ್ನು ತಾವೇ ತೆಗೆದುಕೊಂಡು, ಎರಡು ಬೆರಳಲ್ಲಿ ತಿರುವಿ ತೋರಿಸಿದರು. ಅಟ್ಟದ ಮನೆಯಲ್ಲಿ ಬಾಳಿದ ಹೆಂಗಸಿನ ಕೈ ಅದು. ಆಮೇಲೆ ಅರ್ಜಿದಾರನ ಕಡೆ ತಿರುಗಿದರು. “ಅವತ್ತು ಒಂಟಿ ಸೀನಿಗೆ ಹೆದರಿ ಎದ್ದೋಗ್ನಿಲ್ಲ ನಾನು. ಅಷ್ಟು ಜನ ಕುಂತಿದ್ರಿ. ಮುದುಕಪ್ಪ ಸೀನಿದ್ರೆ ಜೊತೆ ಕೊಡೋರು ಒಬ್ರೂ ಇಲ್ಲ. ಅಂಥಾ ಮನೆ ಹೆಣ್ಣು ತಂದು ಏನ್ ಮಾಡನ ಅನ್ನಿಸ್ತು.” ಮತ್ತೆ ಆಶಾಳನ್ನು ಕೇಳಿದರು: “ಸೀನಾಕೆ ಬರೋಳು, ಅವತ್ತೇ ಯಾಕೆ ಮಾಡ್ನಿಲ್ಲ ನೀನು?”

ಆಶಾ ತಲೆ ತಗ್ಗಿಸಿ ನಿಂತಳು. “ನಮ್ಮಜ್ಜಿ ಮಾಡ್ತಾರೆ ಅಂತ ಕಾದೆ” ಎಂದಳು.

ಅಟ್ಟದ ಮೇಲೆ ರಂಗನಾಥ್ ಕಾಯಿಯನ್ನು ಕೈಯಲ್ಲಿ ಹಿಡಿದುಕೊಂಡು ಹಾಗೆಯೇ ನಿಂತಿದ್ದನು. ಮರಿಯಮ್ಮನವರು ತಟ್ಟೆಯನ್ನು ಎತ್ತಿ ಅರ್ಜಿದಾರನ ಮುಂದೆ ಹಿಡಿದರು. “ತಗೊಳ್ಳಿ ಬೀಗ್ರೇ” ಎಂದರು.

೧೧. ಧಾರೆಯನ್ನು ಮಾಘ ಮಾಸದಲ್ಲಿ ಇಟ್ಟುಕೊಳ್ಳಲಾಗಿದೆ. ಅವತ್ತು ಹಸೆಯ ಮೇಲೆ ಕೂತ ಹುಡುಗಿ ಸೆರಗು ಹೊಸೆಯುವುದಕ್ಕಾಗುವುದಿಲ್ಲವಲ್ಲ ಎಂದು ಅರ್ಜಿದಾರನು ಚಿಂತೆಯಲ್ಲಿದ್ದಾಗ, ಬಸ್ಸು ಹತ್ತುವ ಮೊದಲು ಮರಿಯಮ್ಮನವರೇ ಅದಕ್ಕೂ ದಾರಿ ಹೇಳಿದರು: “ನೀವು ಸೀನ್ಕಳಿ ಬೀಗ್ರೇ. ಅವತ್ತಿಂದು ನಂಗಿರ್ಲಿ.”

ಮೇಲ್ಕಂಡ ಕಾರಣಗಳಿಂದಾಗಿ ಅರ್ಜಿದಾರನ ಹಿಂದಿನ ಮನವಿಗೆ ಈಗ ಆಧಾರ ಉಳಿದಿಲ್ಲ. ಇನ್ನೂ ಒಂದು ಕಾರಣವಿದೆ, ಅದನ್ನು ಮರಿಯಮ್ಮನವರಿಗೂ ಹೇಳಿಲ್ಲ. ಸೀನಿದ ಮೇಲೆ ಅರ್ಜಿದಾರನು ಅಡುಗೆ ಮನೆಯ ಬಾಗಿಲ ಕಡೆ ನೋಡುತ್ತಾನೆ. ಮಾಘ ಕಳೆದು ಆಶಾ ದಂಡಿನಶಿವರಕ್ಕೆ ಹೋದ ಮೇಲೆ ಅಲ್ಲಿಂದ ಏನೂ ಕೇಳುವುದಿಲ್ಲ. ಆದರೂ ನೋಡುತ್ತಾನೆ. ಬಿಲಿರುಬಿನ್ ಏರಿ ಸೀನು ನಿಂತರೆ, ಆ ಕಡೆ ನೋಡುವುದಕ್ಕೆ ನೆಪವೂ ನಿಲ್ಲುತ್ತದೆ.

ಆದ್ದರಿಂದ ತಾವು ದಯವಿಟ್ಟು ಉಲ್ಲೇಖ ಒಂದರ ಮನವಿಯನ್ನು ವಾಪಸು ಪಡೆಯಲಾಗಿದೆಯೆಂದು ಭಾವಿಸಿ, ಹಳದಿ ಪದಾರ್ಥದ ವಿಲೇವಾರಿಯನ್ನು ತಮ್ಮ ಎಂದಿನ ನಿಧಾನದಲ್ಲಿ ಮುಂದುವರಿಸಿಕೊಂಡು, ಅರ್ಜಿದಾರನ ಮೂಗನ್ನು ಅದರ ಪಾಡಿಗೆ ಬಿಡಬೇಕಾಗಿ ಕೋರಲಾಗಿದೆ.

ತಮ್ಮ ವಿಶ್ವಾಸಿ, ತಮ್ಮನ್ನು ಹುಟ್ಟಿದಂದಿನಿಂದ ಹೊತ್ತಿರುವವನು,
(ಸಹಿ) ಶ್ರೀರಂಗಯ್ಯ

ಅಡಕಗಳು:
೧. ರಕ್ತಪರೀಕ್ಷೆಯ ವರದಿ, ಉಂಡ ದಿನದ್ದು.
೨. ಅದೇ, ಉಪವಾಸದ ದಿನದ್ದು. (ಹೋಲಿಸಿ ನೋಡುವುದು.)
೩. ಕಾಯಿಹೋಳಿಗೆ, ಒಂದು. ಮುಖಾಂತರದವರ ಮೂಲಕ ಈಗಾಗಲೇ ರವಾನೆಯಾಗಿದೆ.

ಪ್ರತಿ: ಮೂಗಿನವರಿಗೆ, ಮಾಹಿತಿಗಾಗಿ.

ಕಡೆಯ ಕೋರಿಕೆ: ಪಂಚಾಂಗ ತೆಗೆದು ನೋಡಲಾಗಿ, ಧಾರೆಯ ಮುಹೂರ್ತ ಏಕಾದಶಿಯ ಮಾರನೆಯ ಬೆಳಿಗ್ಗೆಯೇ ಬಿದ್ದಿರುವುದು ಈಗ ಅರ್ಜಿದಾರನ ಗಮನಕ್ಕೆ ಬಂದಿದೆ. ಮೊಮ್ಮಗಳ ಮದುವೆಯೆಂದು ಅವನು ಸ್ವಾಮಿಯ ಉಪವಾಸವನ್ನು ಬಿಡುವವನಲ್ಲ. ಅವತ್ತು ತಮ್ಮಿಂದ ಹಳದಿ ಏರುವುದು, ಮೂಗು ಮುಚ್ಚಿಕೊಳ್ಳುವುದು. ಇತ್ತ ಮರಿಯಮ್ಮನವರು ಎಲ್ಲರ ಮುಂದೆ ಸೆರಗು ಹೊಸೆದುಕೊಂಡು ಕಾದಿರುತ್ತಾರೆ. ಹಿರಿಯರು, ಅವರಿಗೆ ಬೇಸರವಾಗಬಾರದು. ಆದ ಕಾರಣ ಆ ದಿನದ ಮಟ್ಟಿಗೆ ನಿಯಮವನ್ನು ಸಡಿಲಿಸಿ, ಧಾರೆಯ ಹೊತ್ತಿಗೆ ಅರ್ಜಿದಾರನಿಗೆ ಒಂದು ಸೀನನ್ನು ಮಂಜೂರು ಮಾಡಿಕೊಡಬೇಕಾಗಿ ಪ್ರಾರ್ಥನೆ. ಒಂದೇ ಸಾಕು. ಎರಡನೆಯದರ ವ್ಯವಸ್ಥೆಯಾಗಿದೆ.